ಮಿಸ್ಡ್ ಕಾಲಿಗೂ ಒಂದು ಪಾಳಿ

ಹೋದ ತಿಂಗಳು ಸಿಂಧನೂರಿನಲ್ಲಿ ಒಂದು ಮದುವೆ ಮುಗಿಸಿಕೊಂಡು ರಾಯಚೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಪೋತ್ನಾಳದಲ್ಲಿ ಬಸ್ಸು ನಿಂತಾಗ ಎಲ್ಲೋ ಮಿಲ್ಲಿನಲ್ಲಿ ಭತ್ತ ಕುದಿಸುವ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ನಮ್ಮ ಅತ್ತಿಗೆ ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ಎದೆತುಂಬ ಉಸಿರೆಳೆದುಕೊಂಡೆ. ರಾಯಚೂರಿನಲ್ಲಿ ಒಂದು ರೈಸ್‌ಮಿಲ್ಲಿನ ಬೆನ್ನಿಗೇ ಅಂಟಿಕೊಂಡ ಬಾಡಿಗೆ ಕೋಣೆಯಲ್ಲಿ ನಾನೊಂದು ಬೇಸಿಗೆ ಕಳೆದಿದ್ದೇನೆ. ಶಿವರಾತ್ರಿಯಿಂದ ಮುಂಗಾರಿನ ಮೊದಲ ಮಳೆಯವರೆಗೆ ನನ್ನ ಬಟ್ಟೆ, ತಲೆದಿಂಬು, ಕುಡಿಯುವ ಚಹಾ ಎಲ್ಲಕ್ಕೂ ಇದೇ ವಾಸನೆ. ಆಗ ಬೈದುಕೊಳ್ಳುತ್ತಿದ್ದೆ. ಈಗ ಅದು ಮೂಗಿಗೆ ಬಡಿದರೆ ಗೆದ್ದ ನೆನಪಾಗುತ್ತದೆ.

ನಾನು ಹುಟ್ಟಿದ್ದು ಲಿಂಗಸುಗೂರು, ಓದಿದ್ದು ರಾಯಚೂರು, ಕೆಲಸ ಒಂದು ಮೊಬೈಲ್ ಕಂಪನಿಯಲ್ಲಿ ನೆಟ್‌ವರ್ಕ್ ಇಂಜಿನಿಯರ್. ಹೆಣ್ಣುಮಗಳು ಟವರ್ ಹತ್ತುತ್ತಾಳೋ ಎಂದು ಕೇಳುವವರಿಗೆ, ನಾನು ಹತ್ತುವುದಿಲ್ಲ, ಹತ್ತಿಸುತ್ತೇನೆ ಎಂದು ಹೇಳಿ ಅಭ್ಯಾಸವಾಗಿದೆ. ಆ ವರ್ಷ ಕಂಪನಿ ನನಗೆ ರಾಯಚೂರು ಪಟ್ಟಣ, ಮಾನ್ವಿ, ದೇವದುರ್ಗ ಮೂರನ್ನೂ ಒಪ್ಪಿಸಿತು. ಕೆಲಸ ಹೇಳಲು ಸುಲಭ. ಕಂಪನಿಗೆ ಗಾಳಿಯಲ್ಲಿ ಸರ್ಕಾರದಿಂದ ಪಡೆದ ತರಂಗಗಳ ಒಂದು ಪಟ್ಟಿ ಇರುತ್ತದೆ. ಹೊಲಕ್ಕಿರುವಂತೆ ಅದಕ್ಕೂ ಬದು ಇದೆ, ಆಚೆ ಕಾಲಿಡುವಂತಿಲ್ಲ. ನಮ್ಮಲ್ಲಿದ್ದ ಒಳ್ಳೆಯ ಪಟ್ಟಿಯಲ್ಲಿ ಇಪ್ಪತ್ತು ವರ್ಷಗಳಿಂದ ಕೀಪ್ಯಾಡ್ ಫೋನುಗಳ ಟೂಜಿ ನಡೆದಿತ್ತು. ಅದು ಬಹುದೂರ ಹೋಗುವ, ಗೋಡೆ ದಾಟಿ ಒಳಮನೆಗೂ ಬರುವ ತರಂಗ. ಫೋರ್‌ಜಿಯ ಪಾಲಿಗೆ ಬಂದಿದ್ದ ತರಂಗವೋ, ಪಟ್ಟಣದ ಗಡಿ ದಾಟುವಷ್ಟರಲ್ಲೇ ಏದುಸಿರು ಬಿಡುತ್ತಿತ್ತು. ಆದ್ದರಿಂದ ಟೂಜಿಯನ್ನು ಬದುವಿನ ಪಕ್ಕಕ್ಕೆ ಒತ್ತರಿಸಿ, ತೆರವಾದ ಜಾಗದಲ್ಲಿ ಫೋರ್‌ಜಿ ಬಿತ್ತಬೇಕು. ಹೊಸ ಜಾಗ ಕೊಳ್ಳುವುದಿಲ್ಲ, ಹೊಸ ಟವರ್ ನಿಲ್ಲಿಸುವುದಿಲ್ಲ. ಕಂಪನಿಯವರು ಇದಕ್ಕೆ ರೀಫಾರ್ಮಿಂಗ್ ಎನ್ನುತ್ತಾರೆ.

ರಾಯಚೂರಿನಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂದು ಹೊರಗಿನವರು ನಗೆಯಾಡುತ್ತಾರೆ. ಊರಿನವರು ಅದಕ್ಕೆ ನಗುವುದಿಲ್ಲ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಾರೆ. ನಾನೂ ಓಢಣಿ ಸುತ್ತಿಕೊಂಡು ಬೆಳಗ್ಗೆ ಆರಕ್ಕೆ ಜೀಪು ಹತ್ತುತ್ತಿದ್ದೆ. ರಾಯಚೂರು ಪಟ್ಟಣ ಎರಡು ವಾರದಲ್ಲಿ ಮುಗಿಯಿತು. ಮಾನ್ವಿ ಕಡೆ ಹದಿನೈದು ದಿನ. ಕಾಲುವೆಯ ನೀರು ತಾನಾಗಿ ಗದ್ದೆಗೆ ಹರಿದು ಬರುವ ಊರುಗಳವು. ಅಲ್ಲಿ ಟೂಜಿ ಕತ್ತರಿಸಿದ್ದು ಯಾರಿಗೂ ತಿಳಿಯಲೇ ಇಲ್ಲ, ಫೋರ್‌ಜಿ ಬಂದದ್ದು ಎಲ್ಲರಿಗೂ ತಿಳಿಯಿತು. ಪೋತ್ನಾಳದ ಒಬ್ಬ ಕಿರಾಣಿ ಅಂಗಡಿಯವರು ನಮ್ಮ ಜೀಪು ನಿಲ್ಲಿಸಿ ಎಲ್ಲರಿಗೂ ನಿಂಬೆ ಶರಬತ್ತು ಕುಡಿಸಿ ಕಳಿಸಿದರು. ನನ್ನ ತಲೆಗೆ ಸ್ವಲ್ಪ ಏರಿದ್ದೂ ಅಲ್ಲೇ.

ಆಮೇಲೆ ದೇವದುರ್ಗ. ಜಾಲಹಳ್ಳಿಯಿಂದ ಮುಂದಕ್ಕೆ, ಕೃಷ್ಣೆಯ ದಂಡೆಯ ಕಡೆಗೆ ಇಳಿಯುವ ಒಂದು ಊರು. ಅಳತೆಗೆಂದು ಮೊದಲ ಸಲ ಹೋದಾಗಲೇ ಸುಜಾತಾ ಸಿಕ್ಕಳು. ಊರಿನ ಆಶಾ ಕಾರ್ಯಕರ್ತೆ, ಮೂವತ್ತರ ಹೆಂಗಸು. ನೀರಿನ ಟ್ಯಾಂಕಿನ ಮೆಟ್ಟಿಲಿನ ಅರ್ಧದಲ್ಲಿ, ಗುಲಾಬಿ ಸೀರೆಯಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಫೋನನ್ನು ಆಕಾಶಕ್ಕೆ ಎತ್ತಿ ನಿಂತಿದ್ದಳು. ಬಾಣಂತಿಯೊಬ್ಬಳ ಕಾಲು ಬಾತಿದ್ದ ಫೋಟೋವನ್ನು ದೇವದುರ್ಗದ ಆಸ್ಪತ್ರೆಯ ಡಾಕ್ಟರಿಗೆ ಕಳಿಸಲು ಮುಕ್ಕಾಲು ತಾಸಿನಿಂದ ಹೆಣಗುತ್ತಿದ್ದಳಂತೆ. ಇನ್ನೆರಡು ವಾರ ತಡೆಯಿರಿ, ನೀವು ಮನೆಯ ಕಟ್ಟೆಯ ಮೇಲೆ ಕುಳಿತೇ ಡಾಕ್ಟರರ ಮುಖ ನೋಡಿ ಮಾತಾಡುವಂತೆ ಮಾಡುತ್ತೇನೆ ಎಂದೆ. ಇಂಥ ಮಾತು ಎಷ್ಟೋ ಕೇಳಿದ್ದೇನೆ ಎನ್ನುವ ಹಾಗೆ ನೋಡಿ ಅವಳು ಮತ್ತೆ ಫೋನು ಎತ್ತಿದಳು.

ಟೂಜಿಗೆ ಎಷ್ಟು ಜಾಗ ಉಳಿಸಬೇಕೆಂದು ತೀರ್ಮಾನಿಸಬೇಕಾದವಳು ನಾನು. ಆ ಟವರಿನಲ್ಲಿ ಜನ ಟೂಜಿಯಲ್ಲಿ ಎಷ್ಟು ನಿಮಿಷ ಮಾತಾಡುತ್ತಾರೆ ಎಂಬ ವರದಿ ತೆಗೆದೆ. ಹೆಚ್ಚುಕಡಿಮೆ ಸೊನ್ನೆ. ಬೆಳಗಿನ ಹೊತ್ತಂತೂ ಯಾರೂ ಉಸಿರೆತ್ತಿದ ಹಾಗಿರಲಿಲ್ಲ. ಇಲ್ಲಿ ಟೂಜಿ ಸತ್ತೇ ಹೋಗಿದೆ, ನಿಯಮಕ್ಕೆಂದು ಚೂರು ಉಳಿಸಿದರೆ ಸಾಕು ಎಂದು ಬೆಂಗಳೂರಿನ ನಮ್ಮ ಮ್ಯಾನೇಜರಿಗೆ ಬರೆದೆ. ಏಳು ಮಾತಿನ ದಾರಿಗಳಷ್ಟೇ ಉಳಿದವು. ಅಂದರೆ ಒಂದೇ ಹೊತ್ತಿಗೆ ಏಳು ಫೋನುಗಳಿಗೆ ಮಾತ್ರ ಅಲ್ಲಿ ಜಾಗ.

ಒಂದು ಸೋಮವಾರ ಮಧ್ಯಾಹ್ನ ಫೋರ್‌ಜಿ ಹತ್ತಿಸಿದೆವು. ಸಂಜೆಗೆ ಸುಜಾತಾ ತಾನಾಗಿಯೇ ವಿಡಿಯೋ ಕಾಲ್ ಮಾಡಿದಳು. ಕಟ್ಟೆಯ ಮೇಲೆ ಕುಳಿತಿದ್ದಳು. ಒಂದು ಕೂಸಿನ ಮೈಮೇಲಿನ ಗುಳ್ಳೆಗಳನ್ನು ಡಾಕ್ಟರಿಗೆ ತೋರಿಸಿ, ಔಷಧದ ಹೆಸರು ಬರೆದುಕೊಂಡು, ಆಮೇಲೆ ನನಗೆ ಹಚ್ಚಿದ್ದಳು. ಫೋನು ಸುತ್ತ ತಿರುಗಿಸಿ ಊರನ್ನೆಲ್ಲ ತೋರಿಸಿದಳು. ನಾನು ಕೋಣೆಯಲ್ಲಿ ಒಬ್ಬಳೇ ಕುಳಿತು ಒಂದಿಡೀ ಕಲ್ಲಂಗಡಿ ತಿಂದೆ.

ಬುಧವಾರ ಬೆಳಗ್ಗೆ ಅವಳದೇ ಫೋನು. ಈ ಸಲ ದನಿ ಬೇರೆಯಾಗಿತ್ತು. ಊರಿನಲ್ಲಿ ಮೋಟರ್ ಹತ್ತುತ್ತಿಲ್ಲ, ತನ್ನ ಮಾವ ಹೊಳೆಗೆ ಹೋಗಿದ್ದಾರೆ, ಕೂಡಲೇ ಬರಬೇಕು ಎಂದಳು. ಮೋಟರಿಗೂ ನಮಗೂ ಏನು ಸಂಬಂಧ ಎಂದುಕೊಳ್ಳುತ್ತಲೇ ಹೊರಟೆ. ಹತ್ತು ಗಂಟೆಗೆ ಅಲ್ಲಿ ತಲುಪಿದಾಗ ಬಿಸಿಲು ಆಗಲೇ ಕಣ್ಣು ಬಿಡಗೊಡುತ್ತಿರಲಿಲ್ಲ. ಸುಜಾತಾಳ ಅತ್ತೆ ಈರಮ್ಮ ಬಾಗಿಲಲ್ಲಿ ನಿಂತು ಹೊಳೆಯ ದಾರಿಯನ್ನೇ ನೋಡುತ್ತಿದ್ದರು. ನನ್ನನ್ನು ಒಳಗೆ ಕರೆದರು, ನೀರು ಕೊಟ್ಟರು, ಆದರೆ ಕಣ್ಣು ದಾರಿಯಿಂದ ಕೀಳಲಿಲ್ಲ.

ವಿಷಯ ಹೀಗಿತ್ತು. ಆ ಊರಿನ ಮೋಟರ್‌ಗಳೆಲ್ಲ ಕೃಷ್ಣೆಯ ದಂಡೆಯಲ್ಲಿವೆ. ಅಲ್ಲಿಂದ ಪೈಪಿನಲ್ಲಿ ನೀರು ಮೇಲಕ್ಕೆ, ಊರ ಪಕ್ಕದ ಗದ್ದೆಗಳಿಗೆ ಬರುತ್ತದೆ. ಹೊಳೆಯಲ್ಲಿ ಮೊಸಳೆಗಳಿವೆ. ಎರಡು ವರ್ಷದ ಹಿಂದೆ ಸುಜಾತಾಳ ಮಾವ ದ್ಯಾವಪ್ಪ ಮೋಟರ್ ಹಚ್ಚಲು ಹೋಗಿ, ನೀರಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಸಿಕ್ಕಿದ ಕಸ ತೆಗೆಯುವಾಗ ಎಡಗಾಲನ್ನು ಮೊಸಳೆಯ ಬಾಯಿಗೆ ಕೊಟ್ಟು ಬಂದವರು. ಪಕ್ಕದ ಹೊಲದವರು ಕಲ್ಲು ತೂರಿ ಬಿಡಿಸಿದರು. ಜೀವ ಉಳಿಯಿತು, ಕಾಲು ಕುಂಟಾಯಿತು. ಅದಾದ ಮೇಲೆ ಇಡೀ ಊರು ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡಿತು. ಸ್ಟಾರ್ಟರ್ ಡಬ್ಬಿಯಲ್ಲಿ ಒಂದು ಸಿಮ್ ಇರುತ್ತದೆ. ಮನೆಯಲ್ಲೇ ಕುಳಿತು ಅದಕ್ಕೊಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಶುರು, ಇನ್ನೊಂದು ಕೊಟ್ಟರೆ ಬಂದ್. ಸ್ಟಾರ್ಟರ್ ಫೋನು ಎತ್ತುವುದಿಲ್ಲ, ಕಾಸು ಕಳೆಯುವುದಿಲ್ಲ.

ಫೋನು ಎತ್ತುವುದಿಲ್ಲ ಎಂದು ಕೇಳಿದಾಗ ನನ್ನ ಕೈಯ ಲೋಟ ಅಲ್ಲೇ ನಿಂತಿತು. ಎತ್ತದ ಫೋನಿಗೆ ನಿಮಿಷವಿಲ್ಲ. ನಿಮಿಷವಿಲ್ಲದ್ದು ನನ್ನ ವರದಿಯಲ್ಲಿ ಇಲ್ಲ. ತ್ರೀ ಫೇಸ್ ಕರೆಂಟು ಬರುವುದು ಬೆಳಗ್ಗೆ ಆರಕ್ಕೆ, ಆ ಗಳಿಗೆಗೆ ಊರಿನ ನಲವತ್ತು ಮನೆಗಳೂ ಒಟ್ಟಿಗೆ ರಿಂಗು ಕೊಡುತ್ತವೆ, ನಾನು ಮಾತ್ರ ಯಾರೂ ಉಸಿರೆತ್ತಿಲ್ಲ ಎಂದು ಬರೆದು ಕಳಿಸಿದ್ದೆ. ಇನ್ನೂ ನಾಚಿಕೆಯ ಸಂಗತಿಯೆಂದರೆ ನಾನು ಬೆಳೆದದ್ದೇ ಮಿಸ್ಡ್ ಕಾಲಿನಲ್ಲಿ. ಹಾಸ್ಟೆಲಿನಿಂದ ಅವ್ವನಿಗೆ ಒಂದು ರಿಂಗು ಕೊಟ್ಟರೆ ಮುಟ್ಟಿದೆ ಎಂದು, ಎರಡು ಕೊಟ್ಟರೆ ವಾಪಸು ಫೋನು ಹಚ್ಚು ಎಂದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ನನ್ನದಾಯಿತು.

ಅಷ್ಟರಲ್ಲಿ ದ್ಯಾವಪ್ಪ ಬಂದರು. ಒಂದು ಕಾಲು ಎಳೆದುಕೊಂಡು, ಮಂಡಿಯವರೆಗೆ ಕೆಸರು ಮೆತ್ತಿಕೊಂಡು. ಭತ್ತ ಹಾಲು ತುಂಬುವ ಹೊತ್ತು, ಎರಡು ದಿನ ನೀರು ತಪ್ಪಿದರೆ ಜೊಳ್ಳು, ಹೋಗದೆ ಹೇಗೆ ಎಂದರು. ಮೊಸಳೆಯ ಮಾತೆತ್ತಿದರೆ ಅದಕ್ಕೂ ನನಗೂ ಈಗ ಲೆಕ್ಕ ಚುಕ್ತಾ ಎಂದು ನಕ್ಕರು. ಈರಮ್ಮ ನಗಲಿಲ್ಲ. ನನ್ನ ಎದುರಿಗೆ ಬಂದು ಕುಳಿತು, ಮೆಲ್ಲಗೆ ಆದರೆ ಖಡಾಖಂಡಿತವಾಗಿ ಕೇಳಿದರು.

“ಯವ್ವಾ, ನಿನ್ನ ಹೊಸಾದು ನಮಗ ಬ್ಯಾಡ. ಹಳೇದು ಹೆಂಗಿತ್ತು ಹಂಗ ಮಾಡಿ ಹೋಗಿಬಿಡು. ಈ ಮನುಷ್ಯ ನಾಳಿನೂ ಹೊಳಿಗೆ ಹೊಂಟ್ರ ನಾ ಏನ್ ಮಾಡ್ಲಿ?”

ಒಳಗಿನಿಂದ ಸುಜಾತಾ ಹೊರಗೆ ಬಂದಳು. ಅತ್ತೆಯ ಮಾತಿಗೆ ಎದುರಾಡಿ ರೂಢಿಯಿಲ್ಲದವಳು ನನ್ನನ್ನೇ ನೋಡುತ್ತ ಹೇಳಿದಳು.

“ಮೇಡಂ, ಹೊಸಾದು ತೆಗೀಬ್ಯಾಡ್ರಿ. ಈ ತಿಂಗಳ ನಾಕು ಹೆರಿಗಿ ಅದಾವು. ನಾ ಮತ್ತ ಟ್ಯಾಂಕ್ ಹತ್ತಂಗಿಲ್ಲ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಿರಲಿಲ್ಲ ಇದು. ಇಬ್ಬರದೂ ನ್ಯಾಯವೇ. ಅನ್ಯಾಯ ನನ್ನದೊಂದೇ.

ಜೀಪಿನಲ್ಲಿ ಕುಳಿತು ಮ್ಯಾನೇಜರಿಗೆ ತಪ್ಪು ಒಪ್ಪಿಕೊಂಡೆ. ಅವರು ಕೂಗಾಡುವವರಲ್ಲ, ಕೂಗಾಡಿದ್ದರೇ ಚೆನ್ನಾಗಿತ್ತು. ಶುಕ್ರವಾರ ಸಂಜೆಯೊಳಗೆ ದೂರು ಇಲ್ಲದಂತೆ ಮಾಡು, ಇಲ್ಲವಾದರೆ ಆ ಟವರನ್ನು ಪೂರ್ತಿ ಟೂಜಿಗೆ ವಾಪಸು ಕೊಡು, ಆಮೇಲೆ ಆ ಊರಿನ ಹೆಸರು ಪಟ್ಟಿಯ ಬಾಲಕ್ಕೆ ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೋ ನನಗೂ ಗೊತ್ತಿಲ್ಲ ಎಂದರು. ಟೂಜಿಗೆ ಇನ್ನಷ್ಟು ಜಾಗ ಕೇಳಿದೆ. ಚೂರು ಕೊಟ್ಟರೂ ಫೋರ್‌ಜಿಯ ಪಟ್ಟಿ ಒಡೆಯುತ್ತದೆ ಎಂದರು. ಅದು ನನಗೂ ಗೊತ್ತಿದ್ದ ಮಾತೇ. ನನ್ನ ಕೈಯಲ್ಲಿ ಎರಡು ದಿನ ಉಳಿದವು. ಆ ಎರಡು ದಿನ ದ್ಯಾವಪ್ಪನವರನ್ನು ಮನೆಯಲ್ಲಿ ಕೂರಿಸಲೆಂದು ಬೆಳಗ್ಗೆ ಆರಕ್ಕೆ ಫೋರ್‌ಜಿ ಒಂದು ತಾಸು ಬಂದ್ ಮಾಡಿ ಟೂಜಿಯನ್ನು ಅಗಲ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಅದು ತೇಪೆ ಅಷ್ಟೇ, ದಿನಾ ನಡೆಯುವಂಥದ್ದಲ್ಲ.

ಸ್ಟಾರ್ಟರ್‌ಗಳನ್ನೆಲ್ಲ ಕೂರಿಸಿದವರು ಮಾನ್ವಿಯ ಮೆಕ್ಯಾನಿಕ್ ಮಹಿಬೂಬ್ ಭಾಯ್. ಫೋನು ಹಚ್ಚಿದ ಎರಡೂವರೆ ತಾಸಿಗೆ ಬೈಕಿನಲ್ಲಿ ಬಂದಿಳಿದರು. ನೆತ್ತಿಯ ಮೇಲೆ ಟವೆಲ್, ಜೇಬಿನಲ್ಲಿ ಟೆಸ್ಟರ್, ಬಾಯಲ್ಲಿ ಅರ್ಧ ಕನ್ನಡ ಅರ್ಧ ದಖ್ಖನಿ ಉರ್ದು. ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತು ಒಂದು ಮಿಸ್ಡ್ ಕಾಲನ್ನು ಬಿಚ್ಚಿ ನೋಡಿದೆವು. ಈರಮ್ಮನ ಕೀಪ್ಯಾಡ್ ಫೋನಿಗೆ ಒಂದು ದಾರಿ, ಹೊಳೆದಂಡೆಯ ಸ್ಟಾರ್ಟರಿಗೆ ಇನ್ನೊಂದು ದಾರಿ, ಎರಡೂ ಒಂದೇ ಟವರಿನವು. ಏಳು ದಾರಿಯಲ್ಲಿ ಒಂದೇ ಹೊತ್ತಿಗೆ ಮೂರು ಮನೆ ಮಾತ್ರ ಹಿಡಿಸುತ್ತವೆ. ಇದು ಸಾಲದೆಂದು, ಕರೆಂಟು ಬಂದ ಕೂಡಲೇ ಪ್ರತಿ ಸ್ಟಾರ್ಟರೂ ತಾನೇ ಯಜಮಾನನಿಗೆ ಫೋನು ಹಚ್ಚಿ ಕರೆಂಟ್ ಬಂತು ಎಂದು ಹೇಳುತ್ತಿತ್ತು. ರೈತರಿಗೆ ಅನುಕೂಲವಾಗಲೆಂದು ಮಹಿಬೂಬ್ ಭಾಯ್ ನಲವತ್ತಕ್ಕೂ ಹಾಗೇ ಹೊಂದಿಸಿದ್ದರು. ಹತ್ತದಿದ್ದವರು ಮತ್ತೆ ಮತ್ತೆ ಒತ್ತುತ್ತಿದ್ದರು. ಬಾಗಿಲು ಕಿರಿದು, ನುಗ್ಗುವವರು ಹೆಚ್ಚು. ನಾನು ಕಾಗದದ ಮೇಲೆ ಗೀಟೆಳೆದು ಇದನ್ನೆಲ್ಲ ಅವರಿಗೆ ವಿವರಿಸುತ್ತಿದ್ದರೆ ಈರಮ್ಮ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೇಳಿಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೊರ ಕೆಳಗಿಟ್ಟರು.

“ನನ್ನ ತವರಾಗ ಕಾಲುವಿ ನೀರಿಗೆ ಪಾಳಿ ಅದ. ಇವತ್ತು ಇವ್ರದು, ನಾಳಿಗೆ ಅವ್ರದು. ನೀರಿಗೆ ಪಾಳಿ ಇರತದ, ನಿಮ್ಮ ಗಾಳಿಗ್ಯಾಕ ಇಲ್ಲ?”

ಮಹಿಬೂಬ್ ಭಾಯ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವಳು ನಾನು. ಎಷ್ಟು ಜಾಗ ಬೇಕು ಎಂದೇ ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದೆ, ಯಾವಾಗ ಬೇಕು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ಅಮ್ಮನ ಕಾಲಿಗೆ ಬೀಳಬೇಕು ಅನಿಸಿತು. ಬಿದ್ದೂ ಬಿಟ್ಟೆ. ಅವರು ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡರು.

ಗುರುವಾರ ಸಂಜೆ ಹನುಮಪ್ಪನ ಗುಡಿಯ ಕಟ್ಟೆಗೆ ಊರಿನವರೆಲ್ಲ ಬಂದರು. ಪಾಳಿ ಎಂದ ಕೂಡಲೇ ಅರ್ಧ ಕೆಲಸ ಮುಗಿದಿತ್ತು, ಆ ಮಾತನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಜಗಳವೂ ಆಯಿತು, ಮೊದಲು ಯಾರು ಎಂಬುದಕ್ಕೆ. ಪಾಳಿ ಅಂದಮೇಲೆ ಅದೂ ಇರಬೇಕಲ್ಲ. ನಿಮಿಷಕ್ಕೆ ಎರಡು ಮನೆ, ಇಪ್ಪತ್ತು ನಿಮಿಷಕ್ಕೆ ಇಡೀ ಊರು ಎಂದು ಲೆಕ್ಕ ಹಾಕಿ ತೋರಿಸಿದೆ. ಮನೆಯಲ್ಲಿ ಫೋರ್‌ಜಿ ಫೋನಿದ್ದವರು ಅದರಿಂದಲೇ ರಿಂಗು ಕೊಡಿ, ಆಗ ನಿಮ್ಮ ಕಡೆಯ ದಾರಿ ಹೊಸ ಜಾಗದಲ್ಲಿ ಹೋಗುತ್ತದೆ, ಹಳೆಯದರಲ್ಲಿ ಸ್ಟಾರ್ಟರಿಗಷ್ಟೇ ದಾರಿ ಸಾಕು ಎಂದೂ ಹೇಳಿದೆ. ಹೊಸದು ಬಂದು ಹಳೆಯದರ ಹೊರೆ ಇಳಿಸುತ್ತದೆ ಎಂಬುದು ನನಗೇ ಆ ಕಟ್ಟೆಯ ಮೇಲೆ ಮಾತಾಡುವಾಗ ಪೂರ್ತಿ ಮನದಟ್ಟಾಯಿತು. ಮಹಿಬೂಬ್ ಭಾಯ್ ಒಬ್ಬೊಬ್ಬರ ಫೋನು ಇಸಿದುಕೊಂಡು, ಅವರವರ ಸ್ಟಾರ್ಟರಿಗೆ ಮೆಸೇಜ್ ಕಳಿಸಿ, ಕರೆಂಟು ಬಂತೆಂದು ತಾನಾಗಿ ಫೋನು ಹಚ್ಚುವ ಚಾಳಿ ಬಿಡಿಸಿದರು. ಗುಡಿಯ ಪೂಜಾರಿಯದೊಂದನ್ನು ಮಾತ್ರ ಉಳಿಸಿದರು. ಅವನ ಸ್ಟಾರ್ಟರ್ ಕರೆದರೆ ಕರೆಂಟು ಬಂತು ಎಂದರ್ಥ, ಆಗ ಗುಡಿಯ ಮೈಕಿನಲ್ಲಿ ಪಾಳಿ ಕೂಗಬೇಕು. ಕೂಗುವವರು ಯಾರು? ಊರಿನ ಪ್ರತಿ ಮನೆಯ ಹೆಸರೂ ಬಾಯಿಪಾಠ ಇದ್ದವಳು ಒಬ್ಬಳೇ ಇದ್ದಳು, ಸುಜಾತಾ.

ಕೊನೆಯ ಪಾಳಿ ಯಾರಿಗೂ ಬೇಡವಾಗಿತ್ತು. ಈರಮ್ಮ ಎದ್ದು, ಪಾಳಿ ಹೇಳಿದವಳು ನಾನು, ಕಡೆಯದು ನನಗಿರಲಿ ಎಂದರು. ದ್ಯಾವಪ್ಪ ಅಲ್ಲೇ ಸಿಡುಕಿದರು. ಅಲ್ಲಿಯವರೆಗೆ ತಾನು ಕಾಯುವವನಲ್ಲ ಎಂದರು. ಕೊನೆಗೆ ಕಡೆಯ ಪಾಳಿಯವರೆಗೆ ಕಾಯುವುದು, ಆಗಲೂ ಮೋಟರ್ ಹತ್ತದಿದ್ದರೆ ಅವರು ಹೊಳೆಗೆ ಹೊರಡುವುದು ಎಂದು ಹೆಂಡತಿಗೂ ಗಂಡನಿಗೂ ಕರಾರಾಯಿತು.

ಶುಕ್ರವಾರ ಬೆಳಗ್ಗೆ ಐದೂಮುಕ್ಕಾಲಿಗೆ ಅವರ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತೆ. ಗುರುವಾರದ ಹಾಗೆ ಫೋರ್‌ಜಿ ಬಂದ್ ಮಾಡಿರಲಿಲ್ಲ, ಟೂಜಿ ಅದೇ ಏಳು ದಾರಿಯದು. ರಸ್ತೆಯಾಚೆ ಅವರ ಗದ್ದೆ, ಅದರ ಮೂಲೆಯಲ್ಲಿ ಹೊಳೆಯಿಂದ ಬರುವ ಪೈಪಿನ ಬಾಯಿ. ದ್ಯಾವಪ್ಪ ಆಗಲೇ ತಲೆಗೆ ಟವೆಲ್ ಸುತ್ತಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಆರು ಹೊಡೆದು ಎರಡು ನಿಮಿಷಕ್ಕೆ ಗುಡಿಯ ಮೈಕು ಗೊರಗುಟ್ಟಿತು. ಸುಜಾತಾ ಮೊದಲಿನ ಎರಡು ಹೆಸರು ಹೇಳುವಾಗ ದನಿ ನಡುಗುತ್ತಿತ್ತು, ಐದನೆಯದಕ್ಕೆ ಗಟ್ಟಿಯಾಯಿತು, ಹತ್ತಕ್ಕೆ ಬಂದಾಗ ರೇಡಿಯೋದವಳ ಹಾಗೆ ಕೂಗುತ್ತಿದ್ದಳು. ನನ್ನ ಪರದೆಯ ಮೇಲೆ ದಾರಿಗಳು ತುಂಬುತ್ತಿದ್ದವು, ತೆರವಾಗುತ್ತಿದ್ದವು. ಐದು, ನಾಲ್ಕು, ಐದು, ಮೂರು. ಒಮ್ಮೆ ಏಳೂ ತುಂಬಿದವು. ತಮ್ಮ ಪಾಳಿ ಬಾರದೆಯೇ ಯಾರೋ ಒತ್ತಿಬಿಟ್ಟಿದ್ದರು. ಸುಜಾತಾ ಮೈಕಿನಲ್ಲೇ ಅವರಿಗೆ ನೀಟಾಗಿ ಬುದ್ಧಿ ಹೇಳಿ, ಅರ್ಧ ನಿಮಿಷ ತಡೆದು, ಮುಂದಿನ ಹೆಸರಿಗೆ ಹೋದಳು. ಊರ ಸುತ್ತ ಒಂದೊಂದೇ ಪೈಪು ಕೆಮ್ಮುವ ಸದ್ದು, ಆಮೇಲೆ ನೀರು ಬೀಳುವ ಸದ್ದು.

ಕೊನೆಯ ಹೆಸರಿಗೆ ಬಂದಾಗ ಮೈಕು ಸುಮ್ಮನಾಯಿತು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ. ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ. ದ್ಯಾವಪ್ಪ ಒಂದು ಹೆಜ್ಜೆ ಅಂಗಳಕ್ಕಿಟ್ಟರು. ಆಗ ಮೈಕಿನಲ್ಲಿ ಸುಜಾತಾ, “ಕಡೀಕ ನಮ್ಮ ಮನೀದು” ಎಂದಳು. ಊರೆಲ್ಲ ನಕ್ಕ ಸದ್ದು ನಮಗೂ ಕೇಳಿಸಿತು.

ಈರಮ್ಮ ಒತ್ತಿದರು. ಎರಡು ರಿಂಗು. ಕತ್ತರಿಸಿದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಪೈಪಿನ ಕಡೆ ನೋಡುತ್ತ ನಿಂತರು. ಹೊಳೆಯಿಂದ ನೀರು ಬರಲು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿದ್ದರೂ ಆ ಹೊತ್ತು ನನಗೆ ಸಾಗಲೇ ಇಲ್ಲ. ದ್ಯಾವಪ್ಪ ಎರಡನೆಯ ಹೆಜ್ಜೆ ಇಟ್ಟರು, ಮೂರನೆಯದು ಇಟ್ಟರು. ಆಗ ಪೈಪು ಒಮ್ಮೆ ಗಾಳಿ ಉಗುಳಿತು, ಇನ್ನೊಮ್ಮೆ ಉಗುಳಿತು, ಆಮೇಲೆ ತೋಳಿನ ಗಾತ್ರದ ನೀರು ಧುಮುಕಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ನನಗೇ ಗೊತ್ತಾಗಲಿಲ್ಲ. ಗುಡಿಯ ಕಡೆಯಿಂದ ಮಹಿಬೂಬ್ ಭಾಯ್ ಕೈಯೆತ್ತಿಕೊಂಡು ಓಡಿ ಬರುತ್ತಿದ್ದರು. ಪರದೆಯ ಮೇಲೆ ನಲವತ್ತಕ್ಕೆ ನಲವತ್ತೂ ರಿಂಗು ಮುಟ್ಟಿದ್ದವು.

ದ್ಯಾವಪ್ಪ ಅಂಗಳದ ನಡುವೆಯೇ ನಿಂತಿದ್ದರು. ಹಿಂದಕ್ಕೆ ಬಂದು ಕಟ್ಟೆಯ ಮೇಲೆ ಕುಳಿತರು, ಚಪ್ಪಲಿ ಬಿಟ್ಟರು, ತಲೆಯ ಟವೆಲ್ ಬಿಚ್ಚಿ ಮೊಳಕಾಲ ಮೇಲೆ ಹಾಕಿಕೊಂಡರು. ಹೆಂಡತಿಯ ಕಡೆ ನೋಡದೆ ಹೇಳಿದರು.

“ಆ ದಂಡಿಗೆ ಇಳೀಬೇಕಂದ್ರ ನನ್ನ ಕೈಕಾಲು ನಡಗತಾವು. ಎರಡ ವರ್ಷ ಆತು, ಯಾರ ಮುಂದನೂ ಅಂದಿಲ್ಲ.”

ಈರಮ್ಮ ಅವರ ಪಕ್ಕದಲ್ಲಿ ಬಂದು ಕುಳಿತರು.

“ನನಗ ಗೊತ್ತಿತ್ತು. ನೀ ಹೋದ ದಿನ, ತಿರುಗಿ ಬರೂತನ ನಾ ನೀರು ಸೈತ ಕುಡದಾಕಿ ಅಲ್ಲ.”

ನಾನು ಲ್ಯಾಪ್‌ಟಾಪ್ ಮುಚ್ಚಿ, ಬೀದಿಗೆ ಬಂದು ಮ್ಯಾನೇಜರಿಗೆ ಫೋನು ಹಚ್ಚಿದೆ. ಏನಾಯಿತು ಎಂದರು. ಹಳೆಯದೂ ಉಳಿಯಿತು, ಹೊಸದೂ ಉಳಿಯಿತು ಸರ್ ಎಂದೆ.